ಹಡಗಿನ ಹೆಸರು

ಅರೋರಾ, ೧೨ ಮಾರ್ಚ್ ೧೯೭೧

ಪ್ರೀತಿಯ ಅಣ್ಣ,

ಇದನ್ನು ಅಮ್ಮನಿಗೆ ಓದಿ ಹೇಳಬೇಡ. ನಾನು ಕೆಲಸಕ್ಕೆ ಹೋದಾಗ ಮಗಳು ಛಾಯಾಳನ್ನು ನೋಡಿಕೊಳ್ಳುವ ಕೆಳಮನೆಯ ಜರ್ಮನ್ ಅಂಕಲ್ ಯುದ್ಧದಲ್ಲಿ ಸಬ್‌ಮೆರೀನ್ ನಾವಿಕರಾಗಿದ್ದರಂತೆ. ಅದು ಮುಳುಗಿಸಿದ ಹಡಗುಗಳ ಪಟ್ಟಿಯನ್ನು ನಿನ್ನೆ ತೋರಿಸಿದರು. ೧೯೪೩ರ ಜುಲೈನಲ್ಲಿ ಮುಂಬಯಿಯಿಂದ ಹೊರಟ ಒಂದು ಹಡಗು ಅದರಲ್ಲಿದೆ, 'ಎಲ್ಸ್‌ಮೋರ್'.

"ನಿಮ್ಮ ತಂದೆ ಏನ್ಮಾಡ್ತಿದ್ರು?" ಎಂದು ಕೇಳಿದರು.

"ಮೇಷ್ಟ್ರು" ಎಂದುಬಿಟ್ಟೆ. ಅದೇ ತಿಂಗಳು ಮುಂಬಯಿಯಿಂದ ಹೊರಟು ಮರಳದ ಹಡಗಿನ ಡಾಕ್ಟರೆನ್ನಲು ನಾಲಿಗೆ ಏಳಲಿಲ್ಲ.

ದಿನ ತಿಳಿಯದೆ ನಾವು ಅಪ್ಪನ ಶ್ರಾದ್ಧವನ್ನು ಮಹಾಲಯ ಅಮಾವಾಸ್ಯೆಗೆ ಮಾಡುತ್ತೇವಲ್ಲ, ಈ ಪಟ್ಟಿಯಲ್ಲಿ ಗಂಟೆಯೂ ಇದೆ ಅಣ್ಣ.

ಅಪ್ಪನ ಹಡಗಿನ ಹೆಸರನ್ನು ಅಮ್ಮ ನನಗೆಂದೂ ಹೇಳಲಿಲ್ಲ. ಹಡಗು ಕಂಪನಿಯ ಹಳೇ ಕಾಗದ ನೋಡು. ಇದೇ ಆಗಿದ್ದರೆ ತಂತಿ ಕೊಡು, ಅಲ್ಲದಿದ್ದರೆ ಕಾಗದ ಸಾಕು. ಅಲ್ಲಿಯವರೆಗೆ ಈ ಪರದೇಶದಲ್ಲಿ ಮಗುವನ್ನು ಬಿಡಲು ನನಗೆ ಬೇರೆ ಯಾರೂ ಇಲ್ಲ. ನನಗಂತೂ ನಿದ್ದೆಯಿಲ್ಲ, ಅವಳು ಆ ಅಂಕಲ್ ಹೆಗಲ ಮೇಲೆ ಮಾತ್ರ ಮಲಗುತ್ತಾಳೆ.

ನಿನ್ನ ತಂಗಿ,
ಅಂಬುಜಾ