ತಮ್ಮನ ಕೈಗೆ ಹೋದ ಗಿಟಾರು

ಅಪ್ಪಾ,

ನಿನಗೆ ಕಾಗದ ಬರೆಯಲೇಬಾರದು ಅಂತ ಹಟ ಹಿಡಿದಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಈ ಸುದ್ದಿಯನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ನನಗೆ ಮದುವೆ ಗೊತ್ತಾದ ವರ್ಷದ ಆಯುಧಪೂಜೆ ನೆನಪಿದೆಯಾ? ಬೀರೂರು ಬಿಟ್ಟು ಹೋಗುವಾಗ ರೈಲ್ವೆ ಗಾರ್ಡ್ ಸಾಹೇಬರು ದೊಡ್ಡಪ್ಪನಿಗೆ ಕೊಟ್ಟ ಎಲೆಕ್ಟ್ರಿಕ್ ಗಿಟಾರು, ದೊಡ್ಡಪ್ಪನಿಂದ ನಿನಗೆ ಬಂದದ್ದು. ಅದಕ್ಕೆ ನೀನು ವಿಭೂತಿ ಬಳಿದು, ವೀಳ್ಯದೆಲೆ ಇಟ್ಟು, ತಮ್ಮ ಶಿವುವಿನ ಕೈಗೆ ಕೊಟ್ಟುಬಿಟ್ಟೆ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ದಿನಾ ಅದರ ಶ್ರುತಿ ಕೂಡಿಸುತ್ತಿದ್ದವಳು ಯಾರು? ಕಡೂರಿನ ಗಣಪತಿ ಪೆಂಡಾಲಿನಲ್ಲಿ ನೀನು ತಡವರಿಸಿದಾಗ ಕೆಳಗಿನಿಂದ ಗುನುಗಿ ಎತ್ತಿಕೊಟ್ಟವಳು ಯಾರು?

"ನುಡ್ಸೋಳು ಅವ್ಳಲ್ವೇನ್ರೀ?" ಅಂತ ಅಮ್ಮ ಕೇಳಿದಳು.

"ಕೊಟ್ಟ ಮನೆಗೆ ಹೋಗೋಳು ಕಣೇ ಅವ್ಳು. ಮನೆ ವಸ್ತು ಮನೇಲಿರ್ಲಿ" ಅಂದೆ ನೀನು. ನನ್ನ ಮುಖ ಮಾತ್ರ ನೋಡಲಿಲ್ಲ.

ತರೀಕೆರೆಯಿಂದ ತವರಿಗೆ ಬಂದಾಗಲೆಲ್ಲ ಅದು ಗೋಡೆಯ ಮೇಲೆ ಟವೆಲ್ ಹೊದ್ದು ನೇತಾಡುತ್ತಿತ್ತು. ಕೈ ಚಾಚಿದರೆ, "ಮುಟ್ಬೇಡ ಕಣಕ್ಕಾ, ತಂತಿ ಕಿತ್ತೋಯ್ತದೆ" ಅನ್ನುವನು ಶಿವು. ಒಂದು ಹಾಡೂ ಬಾರದವನು! ಹೊಟ್ಟೆಕಿಚ್ಚಿನಿಂದ ನನಗೆ ಅಮ್ಮ ಬಡಿಸಿದ ಹೋಳಿಗೆಯೂ ರುಚಿಸುತ್ತಿರಲಿಲ್ಲ.

ನೀನು ತೀರಿಕೊಂಡ ಮರುವರ್ಷದ ಆಯುಧಪೂಜೆಯಲ್ಲಿ ನಿನ್ನ ಮಗರಾಯ ಏನು ಮಾಡಿದ ಗೊತ್ತಾ? ಸೈಕಲ್ಲು, ಕುಡುಗೋಲಿನ ಜೊತೆ ಗಿಟಾರನ್ನೂ ಬಚ್ಚಲಿಗೆ ಒಯ್ದು, ಸೋಪು ಹಾಕಿ ತಿಕ್ಕಿ, ನೀರು ಸುರಿದ. ಆಯುಧ ಅಂದಮೇಲೆ ತೊಳೆಯಬೇಡವೇ! ಆಮೇಲೆ ದನಿ ಕೇಳಲೆಂದು ಎಂದಿನಂತೆ ಅದರ ವೈರನ್ನು ರೇಡಿಯೋಗೆ ಸಿಕ್ಕಿಸಿದರೆ ಉಸಿರೇ ಇಲ್ಲ.

"ಸತ್ತೋಯ್ತು ಕಣಕ್ಕಾ, ನೀನೇ ಇಟ್ಕೋ" ಅಂತ ನಮ್ಮ ಮನೆಗೆ ತಂದು ಹಾಕಿದ. ಸುಳ್ಳು ಯಾಕೆ, ಒಳಗೊಳಗೇ ಹಿಗ್ಗಿದೆ. ತರೀಕೆರೆಯ ರೇಡಿಯೋ ಅಂಗಡಿಯಲ್ಲಿ ಒಣಗಿಸಿ, ಹೊಸ ವೈರು ಹಾಕಿಸಿದೆ. ದನಿ ಬಂತು.

ಕೊನೆಗೂ ನನ್ನದಾಯಿತು ಅಂತ ಕೂತರೆ ಬೆರಳು ಬಗ್ಗಲೊಲ್ಲವು. ತಿಂಗಳೆಲ್ಲ ತಿಣುಕಿದೆ. ನಿನ್ನೆ ಸಂಜೆ, ದಿನಾ ಪಕ್ಕದಲ್ಲಿ ಕೂತು ಆಗಾಗ ಮೀಟಿ ನೋಡುತ್ತಿದ್ದ ನನ್ನ ಮಗಳು ಗೌರಿ, "ಕೊಡಮ್ಮ ಇಲ್ಲಿ" ಅಂತ ತೊಡೆಯ ಮೇಲೆಳೆದುಕೊಂಡು, ನಾನು ತಡಕಾಡುತ್ತಿದ್ದ ಹಾಡನ್ನು ಸಲೀಸಾಗಿ ನುಡಿಸಿಬಿಟ್ಟಳು. ನನಗೆ ಬಂದದ್ದು ಹೆಮ್ಮೆಯಲ್ಲ ಅಪ್ಪಾ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! "ಸಾಕು, ಓದ್ಕೋ ಹೋಗು" ಅಂತ ಕಿತ್ತುಕೊಂಡು ಅಟ್ಟಕ್ಕೆ ಹಾಕಿದೆ.

ಆಮೇಲೆ ಒಲೆಯ ಮುಂದೆ ಕೂತಾಗ ಹೊಳೆಯಿತು. ನಿನಗೂ ಹೀಗೇ ಆಗಿತ್ತಾ? ಕೊಟ್ಟ ಮನೆ ಅನ್ನುವುದೆಲ್ಲ ಬರೀ ನೆಪವಾ? ನಾನು ನುಡಿಸುವುದನ್ನು ಕೇಳಿ ನೀನೂ...

ಹಾಗಿದ್ದರೆ ಅವತ್ತೇ ಹೇಳಬಾರದಿತ್ತಾ? ಇಷ್ಟು ವರ್ಷ ನನಗೆ ನುಡಿಸಲು ಬಾರದು ಅಂದುಕೊಂಡೆಯೇನೋ ಅಂತ ಅಳುತ್ತಿದ್ದೆನಲ್ಲ.

ಗೌರಿ ಸ್ಕೂಲಿನಿಂದ ಬರುವ ಹೊತ್ತಾಯಿತು. ಗಿಟಾರನ್ನು ಕೆಳಗಿಳಿಸಿದ್ದೇನೆ. ಹೊಟ್ಟೆ ಉರಿಯುತ್ತಲೇ ಇದೆ. ಉರಿಯಲಿ, ಅವಳಿಗೇ ಕೊಡುತ್ತೇನೆ. ಯಾಕೆ ಉರಿಯಿತು ಅನ್ನುವುದನ್ನೂ ಹೇಳಿಯೇ ಕೊಡುತ್ತೇನೆ.

ನಿನ್ನ ಮಗಳು