ಅತ್ತೆ ಹೇಳಿದ ರಸ್ತೆ

ಸೋಮವಾರ, ಮಧ್ಯಾಹ್ನ

ನಮಸ್ಕಾರ.

ನಿಮ್ಮನ್ನು ಈಗ ಏನೆಂದು ಕರೆಯಬೇಕೋ ಗೊತ್ತಾಗದೆ ನಮಸ್ಕಾರದಿಂದಲೇ ಶುರು ಮಾಡಿದ್ದೇನೆ. ನಿಮ್ಮ ಪತ್ರ ತಲುಪಿತು. ನಾವಿಬ್ಬರು ಬೇರೆಯಾದ ಮೇಲೂ ನಿಮ್ಮ ತಾಯಿ ನನ್ನ ಜೊತೆಯಲ್ಲೇ ಇರುವುದು ಸರಿಯಲ್ಲ, ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀರಿ. ನನ್ನ ಭಾರ ಇಳಿಯುತ್ತದೆ ಎಂದೂ ಸೇರಿಸಿದ್ದೀರಿ. ನನ್ನ ಅಭ್ಯಂತರವಿಲ್ಲ. ಆದರೆ ಇಲ್ಲಿ ಬೆಳಗು ಹೇಗೆ ಶುರುವಾಗುತ್ತದೆ ಎಂಬುದು ನಿಮಗೆ ತಿಳಿದಿರಲಿ.

ಕಳೆದ ವರ್ಷ ಡಾಕ್ಟರು ನನ್ನ ರಕ್ತದೊತ್ತಡ ನೋಡಿ, ಬೆಳಿಗ್ಗೆ ಎದ್ದು ಓಡಿ ಎಂದರು. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕೂತು ಗಾಜು ಉಜ್ಜುವವಳಿಗೆ ಬಸ್ಸಿನ ಹಿಂದೆ ಓಡುವುದು ಬಿಟ್ಟರೆ ಬೇರೆ ಓಟ ಗೊತ್ತಿರಲಿಲ್ಲ. ಬೂಟು ಕೊಂಡೆ. ಅಲಾರಂ ಅಡುಗೆಮನೆಯಲ್ಲಿಟ್ಟು ಮಲಗಿದೆ. ಎದ್ದು ಹೋಗಿ ಅದರ ಬಾಯಿ ಮುಚ್ಚಿಸಿ ಬಂದು ಮತ್ತೆ ಮಲಗುವುದನ್ನು ಕಲಿತೆ. ಓಡುವ ಬಟ್ಟೆಯಲ್ಲೇ ಮಲಗಿ ನೋಡಿದೆ. ಅದರಲ್ಲಿ ನಿದ್ದೆ ಇನ್ನೂ ಸೊಗಸಾಗಿ ಬಂತು. ಕೆಳಮನೆಯ ಕ್ಷೌರಿಕ ಜೊತೆಗೆ ಬರುತ್ತೇನೆಂದು ಹುರುಪಿನಿಂದ ಹೊರಟವನು, ವಾರ ತುಂಬುವ ಮೊದಲೇ ಮಂಡಿ ಹಿಡಿದುಕೊಂಡು ಕೈಯೆತ್ತಿದ.

ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಆಪರೇಷನ್ ಆದದ್ದು ನಿಮಗೆ ಗೊತ್ತಿದೆ. ಗೊತ್ತಿಲ್ಲದ್ದು ಆಮೇಲಿನದು. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ನಿವೃತ್ತಿಯವರೆಗೂ ಮನೆಮನೆಗೆ ಅಂಚೆ ಹಂಚಿದ ಹೆಂಗಸು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಎದುರಿನ ಗೋದಾಮಿನ ಗೋಡೆ ನೋಡುತ್ತಿದ್ದರು. ಊಟ ಅರ್ಧಕ್ಕೇ ಬಿಡುತ್ತಿದ್ದರು. ಮಾತಂತೂ ನಿಂತೇಹೋಯಿತು.

ಒಂದು ದಿನ ನಾನು ಬೀದಿಯ ಮೂಲೆಯವರೆಗೆ ಓಡಿ ಏದುಸಿರು ಬಿಡುತ್ತ ಬಂದಾಗ ಕೇಳಿದರು: “ಬೀದಿ ಹೇಗಿದೆ?”

“ಹಾಗೇ ಇದೆ ಅತ್ತೆ.”

“ಹಾಗೇ ಅಂದ್ರೆ? ಕಣ್ಣು ಮನೇಲೇ ಬಿಟ್ಟು ಹೋಗಿದ್ಯಾ?”

ಮರುದಿನ ಕಣ್ಣು ಬಿಟ್ಟುಕೊಂಡು ಓಡಿದೆ. ಬೇಕರಿಯ ಹೆಂಗಸು ಹಿಟ್ಟಿನ ಮೂಟೆ ತಂದವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಬಂದು ಹೇಳಿದೆ. ಅತ್ತೆ ನಕ್ಕುಬಿಟ್ಟರು. “ಅವಳಮ್ಮಾನೂ ಹಾಗೇ. ನಾಳೆ ಸೇತುವೆ ಆಚೆ ಹೋಗು. ಹಳದಿ ಬಾಗಿಲಿನ ಮನೇಲಿ ಈಗ ಯಾರಿದ್ದಾರೆ ನೋಡ್ಕೊಂಡು ಬಾ.”

ಅಲ್ಲಿಂದ ದಿನಕ್ಕೊಂದು ರಸ್ತೆ. ಬೆಳಕು ಹರಿಯುವ ಮೊದಲೇ “ಏಳೇ, ಎಷ್ಟೊತ್ತು ಮಲಗ್ತೀಯ” ಎಂದು ಮಂಚ ತಟ್ಟುತ್ತಾರೆ. ಅವರ ತಟ್ಟೆಯಲ್ಲಿ ಈಗ ಏನೂ ಉಳಿಯುವುದಿಲ್ಲ. ನನ್ನ ರಕ್ತದೊತ್ತಡವೂ ಇಳಿದಿದೆ.

ಮಳೆಯ ದಿನ ಒಮ್ಮೆ ಮೈಗಳ್ಳತನ ಮಾಡಿ, ಕೆಳಗಿನ ಮೆಟ್ಟಿಲ ಮೇಲೆ ಕೂತು ಬಂದು, ಶಾಲೆಯ ಕಾಂಪೌಂಡಿಗೆ ಬಣ್ಣ ಹೊಡೆಯುತ್ತಿದ್ದಾರೆ ಎಂದು ಕಥೆ ಕಟ್ಟಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, “ಮಳೇಲಿ ಬಣ್ಣ ಹೊಡೀತಿದ್ರಾ?” ಎಂದರು. ಅಷ್ಟೇ. ನಾನು ಮತ್ತೆ ಇಳಿದು ಹೋಗಿ ನೆನೆದುಕೊಂಡೇ ಓಡಿ ಬಂದೆ.

ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿದ್ದೇನೆ. ನಿಮ್ಮ ಮನೆ ನೆಲಮಹಡಿಯೇ ಎಂದು ಕೇಳಿದರು. ಹೌದಂತೆ, ಬಾಗಿಲು ತೆರೆದರೆ ರಸ್ತೆಯಂತೆ ಎಂದೆ.

“ಹಾಗಾದ್ರೆ ನಾನೇ ನೋಡ್ಬಹುದು,” ಎಂದರು.

ಆದ್ದರಿಂದ ಕರೆದುಕೊಂಡು ಹೋಗಿ. ಮೆಟ್ಟಿಲು ಇಳಿಸಲು ಇನ್ನೊಬ್ಬರು ಬೇಕು, ಕ್ಷೌರಿಕನಿಗೆ ಹೇಳಿಟ್ಟಿರುತ್ತೇನೆ. ಎಡಮಗ್ಗುಲಿಗೆ ಮಲಗಲು ಬಿಡಬೇಡಿ. ಸಿಟ್ಟು ಬಂದಾಗ ಕಿವಿ ಕೇಳಿಸದವರ ಹಾಗೆ ಇರುತ್ತಾರೆ, ನಂಬಬೇಡಿ.

ಇಂತಿ,
ನಿಮ್ಮ ತಾಯಿಯ ಸೊಸೆ

ತಾ.ಕ.: ಇವತ್ತು ಬೆಳಿಗ್ಗೆ ಅತ್ತೆ ನನ್ನನ್ನು ಎಬ್ಬಿಸಲಿಲ್ಲ. ತಾವಿಲ್ಲದೆಯೂ ಏಳುವುದು ನನಗೆ ರೂಢಿಯಾಗಲಿ ಎಂದು ಕಣ್ಣು ಮುಚ್ಚಿ ಮಲಗಿದ್ದರು. ಎಚ್ಚರವಿದ್ದದ್ದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ನನಗೂ ಎಚ್ಚರವಾಗಿತ್ತು. ನಾನೂ ಏಳಲಿಲ್ಲ. ಬಿಸಿಲೇರುವವರೆಗೂ ಇಬ್ಬರೂ ಹಾಗೇ ಬಿದ್ದುಕೊಂಡಿದ್ದೆವು. ಈ ತಿಂಗಳು ನೀವು ಬರದಿದ್ದರೆ ಆಗುತ್ತದೆಯೇ?