ಚೌಕಟ್ಟಿನೊಳಗಿನ ದೊಡ್ಡಹುಣಸೆ

ಉಪ್ಪುಗಾಳಿ ತಿಂಗಳ ಮೂವತ್ತೇಳನೆಯ ದಿನ, ಕ್ರಿ.ಶ. 2163
ಸ್ಥಳ: ಕೊನೆಯಲ್ಲಿ ಬರೆಯುತ್ತೇನೆ

ಚಿ. ಕುಂ. ಸೌ. ಶಾಂಭವಿ ಕಟಗೇರಿ ಇವಳಿಗೆ,

ಮೂವತ್ತೇಳನೆಯ ದಿನ ಎಂದು ಓದಿ ಹುಬ್ಬೇರಿಸಬೇಡ ತಂಗಿ. ನಮ್ಮಲ್ಲಿ ಈಗ ತಿಂಗಳೆಂಬುದು ಗಾಳಿ ತಿರುಗಿದಾಗ ಹುಟ್ಟಿ, ಮತ್ತೆ ತಿರುಗಿದಾಗ ಮುಗಿಯುತ್ತದೆ. ಈ ಸಲ ಗಾಳಿ ಮೊಂಡು ಹಿಡಿದು ಕೂತಿದೆ, ತಿಂಗಳು ಉದ್ದವಾಗುತ್ತಲೇ ಇದೆ. ನನ್ನ ಮಾತಿನ ಧಾಟಿ ವಿಚಿತ್ರವೆನಿಸಿದರೂ ಕ್ಷಮಿಸು. ನಾನು ಶಾಲೆಯಲ್ಲಿ ಕನ್ನಡ ಕಲಿತವಳಲ್ಲ. ಈ ಉಪ್ಪುಬಯಲಿನ ಅಂಚಿನಲ್ಲಿ ಅಂಥ ಶಾಲೆ ಎಂದೂ ಇರಲಿಲ್ಲ. ನೀನು ಸವಣೂರಿನಿಂದ ಪೆಟ್ಟಿಗೆ ತುಂಬಿ ತಂದಿದ್ದೆಯಲ್ಲ, ನೀನು ಫೋಟೋ ತೆಗೆದ ಮದುವೆಗಳ ಲಗ್ನಪತ್ರಿಕೆಗಳು, ಅವೇ ನನ್ನ ಪಾಠದ ಪುಸ್ತಕ. ಒಂದೊಂದೇ ಅಕ್ಷರವನ್ನು ನಾನಾಗಿ ಜೋಡಿಸಿಕೊಂಡು ಓದಿದೆ. ಎಷ್ಟೋ ವರ್ಷ ಕನ್ನಡದಲ್ಲಿ ಜನ ಮದುವೆಗೆ ಕರೆಯುವುದನ್ನು ಬಿಟ್ಟು ಬೇರೇನೂ ಮಾತಾಡುವುದಿಲ್ಲ ಎಂದೇ ತಿಳಿದಿದ್ದೆ. ಹಾಗಾಗಿ ನಡುವೆ ಎಲ್ಲಾದರೂ ನಾನು ನಿನ್ನನ್ನು ಬಂಧುಮಿತ್ರರೊಡನೆ ಆಗಮಿಸಲು ಕೋರಿದರೆ ನಕ್ಕು ಮುಂದೆ ಓದು.

ನೀನು ನನ್ನ ಮುತ್ತಜ್ಜಿ. ಆದರೆ ಈ ಓಲೆ ಹೋಗುವುದು ಇನ್ನೂ ಮದುವೆಯಾಗದ, ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡು ಬಲೂನಿನ ಬುಟ್ಟಿಗೆ ಕಾಲಿಡುತ್ತಿರುವ ಹುಡುಗಿಗೆ. ಅದಕ್ಕೇ ತಂಗಿ ಎನ್ನುತ್ತೇನೆ, ಸಿಟ್ಟಾಗಬೇಡ. ಇಂಥ ಓಲೆಗೆ ನಮ್ಮ ಮನೆಯಲ್ಲಿ ಹಿಂದೋಲೆ ಎಂಬ ಹೆಸರಿದೆ. ಎಪ್ಪತ್ತು ದಾಟಿದವರು ಜೀವನದಲ್ಲಿ ಒಮ್ಮೆ, ತೀರಿಹೋದ ಹಿರಿಯರೊಬ್ಬರಿಗೆ ಬರೆದು ಒಂದೇ ಒಂದು ಕೋರಿಕೆ ಇಡಬೇಕು. ಸತ್ತವರು ಅದನ್ನು ನಡೆಸಿಕೊಡಲಾರರಷ್ಟೆ; ಆದ್ದರಿಂದ ಬದುಕಿರುವ ನಾವೇ ಅದನ್ನು ನಡೆಸಬೇಕೆಂಬುದು ಕಟ್ಟು. ನನ್ನ ಅಪ್ಪ ತನ್ನ ಅಜ್ಜಿಗೆ 'ಸಾರಿಗೆ ಉಪ್ಪು ಕಡಿಮೆ ಹಾಕು' ಎಂದು ಬರೆದ, ನಾವು ವರ್ಷವಿಡೀ ಸಪ್ಪೆ ಉಂಡೆವು. ನನ್ನ ಸೋದರತ್ತೆ 'ತಮ್ಮನ ಜೊತೆ ಮಾತು ಬಿಡಬೇಡ' ಎಂದು ತನ್ನ ತಾತನಿಗೆ ಬರೆದಳು. ಮುಖ ತಿರುಗಿಸಿಕೊಂಡಿದ್ದ ಎರಡು ಮನೆಗಳು ಅಂದಿನಿಂದ ಒಂದೇ ಒಲೆಯ ರೊಟ್ಟಿ ತಿನ್ನುತ್ತಿವೆ. ಮನೆಯಲ್ಲಿ ಕನ್ನಡ ಓದಬಲ್ಲ ಅತಿ ಕಿರಿಯರು ಓಲೆಯನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಅಂಗಳದಲ್ಲಿ ಎಲ್ಲರಿಗೂ ಓದಿಹೇಳುತ್ತಾರೆ. ಅವರಿಗೆ ಬೇಡವೆನಿಸಿ 'ಓಲೆ ತಲುಪಲಿಲ್ಲ' ಎಂದುಬಿಟ್ಟರೆ ಮುಗಿಯಿತು. ಯಾಕೆಂದು ಯಾರೂ ಕೇಳುವಂತಿಲ್ಲ.

ನಮ್ಮ ದಿನಗಳು ಹೇಗಿವೆ ಎಂದು ಕೇಳುವೆಯಾ? ಬೆಳಗಾಗುತ್ತಲೇ ಜೋಳದ ಹಿಟ್ಟು ನಾದುತ್ತೇವೆ. ಜೋಳ ಈ ನೆಲದ್ದೇ ಬೆಳೆಯಲ್ಲವೇ. ನೀನು ಮೊದಲ ಸಲ ಇಲ್ಲಿಯ ಸಂತೆಯಲ್ಲಿ ಅದನ್ನು ಕಂಡು 'ಅಯ್ಯ, ನಮ್ಮೂರ ಜ್ವಾಳ!' ಎಂದು ಕೂಗಿದ್ದು ಇಂದಿಗೂ ನಮ್ಮನೆಯ ನಗೆಮಾತು. ಬಯಲಿನ ಮೇಲೆ ಹಾರುವವರ ಮನೆ ನಮ್ಮದು. ನಮ್ಮ ಹಾರುಗಾಡಿಯ ಹೆಸರು ಬಿಸಿಲಬುಟ್ಟಿ: ಕಪ್ಪು ಬಟ್ಟೆಯ ಬಲೂನು, ಬೆಳಗಿನ ಬಿಸಿಲಿಗೇ ಒಳಗಿನ ಗಾಳಿ ಕಾದು ಮೇಲೇಳುತ್ತದೆ. ನಿನ್ನ ಬಲೂನಿನ ಹಾಗೆ ಬೆಂಕಿ ಊದುವುದಿಲ್ಲ, ಗುರುಗುಟ್ಟುವುದಿಲ್ಲ. ಹಾರುವವರಿಗೆ ನೆರಳಳತೆ ಎಂಬ ನಿಯಮವಿದೆ. ನಮ್ಮ ಬುಟ್ಟಿಯ ನೆರಳು ಯಾವ ಪ್ರಾಣಿಯ ಮೈಮೇಲೂ ಬೀಳಬಾರದು. ಜೀಬ್ರಾ ಹಿಂಡು ಎಡಕ್ಕಿದ್ದರೆ ನಾವು ಸೂರ್ಯನನ್ನು ನೋಡಿಕೊಂಡು ನಮ್ಮ ನೆರಳನ್ನು ಬಲಕ್ಕೆ ಚೆಲ್ಲಬೇಕು. ನಿನ್ನ ಕಾಲದಲ್ಲಿ ಈ ನಿಯಮ ಬೇಕಿರಲಿಲ್ಲ. ನಿನ್ನ ಚಿತ್ರಗಳಲ್ಲಿ ಆನೆಗಳು ನದಿಯಲ್ಲಿ ನಿಂತು, ಸೊಂಡಿಲು ಎತ್ತಿ, ಮೇಲಿರುವ ನಿನ್ನನ್ನು ಸುಮ್ಮನೆ ನೋಡುತ್ತಿವೆ, ಬೀದಿಯಲ್ಲಿ ಹೋಗುವ ಮೆರವಣಿಗೆಯನ್ನು ಕಿಟಕಿಯಿಂದ ನೋಡುವ ಹೆಂಗಸರ ಹಾಗೆ. ಈಗ ನೆತ್ತಿಯ ಮೇಲೆ ಏನು ಕಂಡರೂ ಓಡುತ್ತವೆ. ಆಕಾಶವೆಂದರೆ ಹೆದರಬೇಕು ಎಂದು ಅವಕ್ಕೆ ಕಲಿಸಿದವರು ನಾವು.

ನಿನ್ನ ತಿರುಗಾಟದ ಕಥೆಗಳನ್ನು ನಾನು ಕೇಳುತ್ತಲೇ ಬೆಳೆದೆ. ಆಷಾಢದಲ್ಲಿ ಮದುವೆಗಳಿಲ್ಲ, ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತ ಕೂರುವ ಬದಲು ನೀನು ಕಾಡಿಗೆ ಹೋಗಲು ಶುರುಮಾಡಿದ್ದು. ಒಂದು ಆಷಾಢಕ್ಕೆ ಸಮುದ್ರ ದಾಟಿ ಇತ್ತ ಬಂದದ್ದು. ಮೋಟಾರು ಕಟ್ಟಿದ ಗಾಳಿಪಟದಂಥ ಪುಟ್ಟ ವಿಮಾನದಲ್ಲಿ, ಕಾಲು ಹೊರಗೆ ಇಳಿಬಿಟ್ಟು, ಜಲಪಾತದ ಹೊಗೆಯ ಮೇಲೆ ಹಾರಿದ್ದು. ಚಪ್ಪಲಿ ಒಂದು ಕಳಚಿ ನದಿಗೆ ಬಿದ್ದದ್ದು. ಕೆಳಗಿಳಿದ ಮೇಲೆ ಪೈಲಟ್ ಹೆದರಿಕೆಯಾಯಿತೇ ಎಂದು ಕೇಳಿದರೆ ನೀನು ಇನ್ನೊಂದು ಚಪ್ಪಲಿ ತೋರಿಸಿ, ಇದನ್ನೂ ಅಲ್ಲೇ ಎಸೆದು ಬರೋಣ, ಜೋಡಿ ತಪ್ಪಬಾರದು ನಡಿ ಎಂದದ್ದು. ಆ ನಂತರದ ಧನುರ್ಮಾಸ, ಅದೂ ಮದುವೆಯಿಲ್ಲದ ಕಾಲ, ನೀನು ಮತ್ತೆ ಬಂದೆ. ಈಗ ಅದೇ ಬೆಳಗು. ಮಳೆನೀರು ನಿಂತ ಉಪ್ಪುಬಯಲಿನ ಮೇಲೆ ನಿನ್ನ ಬಲೂನು ತೇಲುತ್ತಿದೆ. ಕೆಳಗೆ ರಾಜಹಂಸಗಳು, ನಾವು ಕೆಂಗಾಲು ಎನ್ನುವ ಹಕ್ಕಿಗಳು, ಮಣ್ಣಿನ ಗುಪ್ಪೆ ಕಟ್ಟಿ ಮೊಟ್ಟೆಯ ಮೇಲೆ ಕೂತಿವೆ. ಬಯಲು ಅಂಚಿನಿಂದ ಅಂಚಿಗೆ ಗುಲಾಬಿ. ಹೊರಗಿನವರು ಯಾರೂ ಈ ಗೂಡುಗಳನ್ನು ಕಂಡಿಲ್ಲ.

ನೀನು ಮದುವೆಯ ಫೋಟೋ ತೆಗೆದು ಕೈ ಪಳಗಿದವಳು. ವಧೂವರರ ಹಿಂದೆ ಮಂಟಪ ಕಾಣಬೇಕು, ಮಂಟಪದ ಮೇಲೆ ಕಲ್ಯಾಣಮಂಟಪದ ಹೆಸರು ಕಾಣಬೇಕು. ಇಲ್ಲದಿದ್ದರೆ ಬೀಗರು ಆಲ್ಬಮ್ ಮರಳಿಸಿಬಿಡುತ್ತಾರೆ. ಆ ಬೆಳಗು ಬಯಲಿನ ಅಂಚಿನಲ್ಲಿ ಒಂಟಿಯಾಗಿ ಒಂದು ಮರ ನಿಂತಿತ್ತು, ಕಾಂಡ ಉಬ್ಬಿ, ಎಡಕ್ಕೆ ವಾಲಿ. ಇಲ್ಲಿಯ ಜನ ಬಾವೊಬಾಬ್ ಎಂದರು. ನಿನಗದು ಸವಣೂರಿನ ದೊಡ್ಡಹುಣಸೆ. ಚಿಕ್ಕವಳಿದ್ದಾಗ ಅಂಥದೇ ಮರದ ಬುಡದಲ್ಲಿ ಆಡಿದವಳು ನೀನು. ಊರಿನವರನ್ನು ಪರದೇಶದ ಬಸ್ ನಿಲ್ದಾಣದಲ್ಲಿ ಕಂಡ ಹಾಗಾಯಿತಂತೆ. ಕ್ಯಾಮೆರಾ ತುಸು ಎಡಕ್ಕೆ ಸರಿಸಿ ಮರವನ್ನೂ ಚೌಕಟ್ಟಿಗೆ ಸೇರಿಸಿದೆ.

ಮುಂದಿನದು ನಿನಗಿನ್ನೂ ತಿಳಿಯದು. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಗುಲಾಬಿ ಹಕ್ಕಿಗಳನ್ನು ಯಾರು ಎಲ್ಲಿ ಬೇಕಾದರೂ ಹುಡುಕಿ ಸೋಲಬಹುದಿತ್ತು; ವಾಲಿದ ಆ ಒಂದು ಮರವನ್ನು ಹುಡುಕುವುದು ಸುಲಭವಾಗಿತ್ತು. ಮರುವರ್ಷ ಜನ ಬಂದರು. ಕೆಟ್ಟವರಲ್ಲ, ಹಕ್ಕಿಗಳೆಂದರೆ ಪ್ರಾಣ ಬಿಡುವವರೇ. ಬೆನ್ನಿಗೆ ಫ್ಯಾನು ಕಟ್ಟಿಕೊಂಡು ಹಾರುವವರು, ಡ್ರೋನ್ ಬಿಡುವವರು, ಬಲೂನಿನಲ್ಲಿ ಜೋಡಿಜೋಡಿಯಾಗಿ ಬಂದು ಉಂಗುರ ಬದಲಾಯಿಸಿಕೊಳ್ಳುವವರು. ಕೆಂಗಾಲುಗಳು ಒಂದು ಬೆಳಗ್ಗೆ ಎದ್ದುಹೋದವು, ಮೊಟ್ಟೆಗಳನ್ನು ಬಿಟ್ಟು. ಗುಪ್ಪೆಗಳು ಬಿಸಿಲಿಗೆ ಒಣಗಿ, ಕವುಚಿಟ್ಟ ಗಡಿಗೆಗಳ ಹಾಗೆ ಸಾಲಾಗಿ ಉಳಿದವು. ನನ್ನ ಅಜ್ಜಿ ಅವನ್ನು ನೋಡಿದ್ದಳು. ನನ್ನ ಅವ್ವ ಅವು ಕರಗಿದ ಜಾಗವನ್ನು ನೋಡಿದ್ದಳು. ನಾನು ಬರೀ ಬಯಲನ್ನು ನೋಡುತ್ತ ಮುದುಕಿಯಾದೆ.

ಆದರೆ ಅದೇ ಮರ ನಮ್ಮ ಮನೆಯನ್ನೂ ಕಟ್ಟಿತು. ಈ ಸೀಮೆಯ ಹುಡುಗ ಮೊಥುಸಿ ಯಾವುದೋ ಗೋಡೆಯ ಕ್ಯಾಲೆಂಡರಿನಲ್ಲಿ ನಿನ್ನ ಚಿತ್ರ ಕಂಡ; ಅವನ ಅಜ್ಜಿ ಹುಟ್ಟಿದ್ದು ಆ ಮರದ ನೆರಳಿನಲ್ಲಿ. ಮುಂದಿನ ಸಲ ನೀನು ಬಂದಾಗ ಬೈಯಲೆಂದೇ ಹುಡುಕಿಕೊಂಡು ಬಂದ. ನೀವಿಬ್ಬರೂ ಯಾವ ಭಾಷೆಯಲ್ಲಿ ಜಗಳವಾಡಿದಿರೋ, ನಮ್ಮ ಮನೆಯಲ್ಲಿ ಅದು ಸವಣೂರಿನ ಮಾತಿನಲ್ಲೇ ಉಳಿದಿದೆ.

"ಆ ಗಿಡಾ ಯಾಕ್ ಹಾಕಿದಿ ಫೋಟೋದಾಗ?"

"ಗಿಡಾ ಇಲ್ದಿದ್ರ ಯಾವೂರಂತ ಹ್ಯಾಂಗ್ ತಿಳೀಬೇಕ್ರಿ ಮಂದಿಗೆ?"

"ತಿಳೀಬಾರ್ದಂತನ ಅಲ್ಲಿ ಯಾವೂರೂ ಇಲ್ಲ."

"ಅಷ್ಟ್ ದೂರದಿಂದ ಬೈಯಾಕ ಬಂದೀರಿ, ಚಾ ಕುಡದ ಬೈರಿ."

ಅವನು ಚಹಾ ಕುಡಿದ. ಆಮೇಲೆ ನನ್ನ ಅಜ್ಜಿ, ನನ್ನ ಅವ್ವ, ನಾನು. ಬಲೂನು ಹಾರಿಸಿ, ಹಕ್ಕಿ ನೋಡಬಂದವರಿಗೆ ದಾರಿ ತೋರಿಸಿ, ಹಕ್ಕಿ ಹೋದ ಮೇಲೆ ಹಕ್ಕಿಯಿದ್ದ ಜಾಗ ತೋರಿಸಿ ನಾವು ಉಂಡೆವು. ನೀನು ತಿಳಿಯದೆ ಮಾಡಿದೆ. ತಿಳಿದೂ ಉಂಡವರು ನಾವು.

ಇನ್ನು ಈ ಓಲೆಯ ಕಾರಣ. ನನ್ನ ಮೊಮ್ಮಗಳು ಬೋನೊಲೊ ನಿನ್ನ ಅಚ್ಚು. ಅವಳಿಗೆ ಬೇಕಿರುವುದು ಬಾನುಮುದ್ರೆ, ಎಂದರೆ ಬಯಲಿನ ಮೇಲೆ ತನ್ನದೇ ಹೆಸರಿನಲ್ಲಿ ಹಾರುವ ಹಕ್ಕು. ಚಿಕ್ಕಂದಿನಿಂದ ಅವಳು ಬೇರೇನನ್ನೂ ಕೇಳಿಲ್ಲ. ಯಾರೂ ಕಾಣದ್ದನ್ನು ಕಂಡು ಚಿತ್ರ ತಂದವರಿಗೆ ಹಾರುವವರ ಮಂಡಳಿ ಅದನ್ನು ಕೊಡುತ್ತದೆ. ಚಿತ್ರದಲ್ಲಿ ಜಾಗದ ಗುರುತು ಇರಲೇಬೇಕು, ಕತ್ತರಿಸಿದ ಚಿತ್ರವನ್ನು ಒಪ್ಪುವುದಿಲ್ಲ, ಒಪ್ಪಿದ್ದನ್ನು ಎಲ್ಲರಿಗೂ ತೋರಿಸುತ್ತದೆ. ಮೊನ್ನೆ ಅವಳು ಹಾರಿ ಬಂದವಳೇ ಬೂಟು ಕೂಡ ಬಿಚ್ಚದೆ ಒಲೆಯ ಮುಂದೆ ಬಂದು ಕೂತಳು.

"ಅಜ್ಜಿ, ಕಣ್ಣ್ ಮುಚ್ಚು. ಈಗ ತಗಿ."

ಕೆಂಗಾಲುಗಳು, ಶಾಂಭವಿ. ಹಳೆಯ ಬಯಲಿನಲ್ಲಲ್ಲ, ಬೇರೊಂದು ಕಡೆ. ಚಿಕ್ಕ ಹಿಂಡು. ಮಣ್ಣಿನ ಗುಪ್ಪೆಗಳ ಮೇಲೆ ಕೂತಿದ್ದವು. ಹಿಂಡಿನ ಹಿಂದೆ ಒಂದು ಬಂಡೆ ಇತ್ತು. ಅದರ ಆಕಾರ ಹೇಗಿತ್ತೆಂದು ನಾನು ಬರೆಯುವುದಿಲ್ಲ. ಒಮ್ಮೆ ಕಂಡವರು ಮರೆಯುವಂಥದಲ್ಲ.

"ಬಂಡೆನೂ ಬಂದೈತಲ್ಲ," ಎಂದೆ.

"ಬರಬೇಕಲ್ಲ ಮತ್ತ! ಸ್ಥಳ ಇಲ್ದಿರೋ ಫೋಟೋ ಅಂದ್ರ ಅನಾಥ ಕೂಸು ಅಂತ ಕಲಿಸ್ದಾಕಿ ಯಾರು? ನೀನ ಅಲ್ಲೇನು?"

ಹೌದು, ನಾನೇ. ನನಗೆ ನನ್ನ ಅವ್ವ, ಅವಳಿಗೆ ಅಜ್ಜಿ, ಅಜ್ಜಿಗೆ ನೀನು. ನಾನು ನಕ್ಕೆ. ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟೆ. "ಮಂಡಳಿಯವ್ರ ಮಾರಿ ನೋಡಬೇಕಜ್ಜಿ ಅವತ್ತು," ಎಂದು ಅವಳು ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಹೇಳಿದಳು. ಬೇಡ ಎನ್ನುವ ಮಾತು ಆ ಬಾಯಿಯ ಮುಂದೆ ನನ್ನಿಂದ ಹೊರಡಲಿಲ್ಲ. ಎದುರಿಗೆ ಹೇಳಲಾಗದ್ದನ್ನು ಸತ್ತವಳ ಹೆಸರಿಗೆ ಬರೆದು ಆಡಿಸುವ ಮುದುಕಿ ನಾನು. ನಾವು ಹಕ್ಕಿ ತೋರಿಸಿ ಹೊಟ್ಟೆ ಹೊರೆದದ್ದಾಯಿತು. ಈಗ ಅದನ್ನು ಮುಚ್ಚಿಡು ಎಂದು ಇದೇ ಮನೆಯಲ್ಲಿ ಅದರಿಂದ ಇನ್ನೂ ಏನೂ ಗಳಿಸದ ಒಬ್ಬಳಿಗೆ ಹೇಳಹೊರಟಿದ್ದೇನೆ. ಇದರ ಅನ್ಯಾಯ ನನಗೆ ಗೊತ್ತಿದೆ. ಹೇಳದಿದ್ದರೆ ಮುಂದಿನ ಮಳೆಗೆ ಆ ಗುಪ್ಪೆಗಳ ಗತಿ ಏನಾಗುವುದೆಂದೂ ಗೊತ್ತಿದೆ.

ಹಾಗಾದರೆ ಕೋರಿಕೆ ಇದು. ಶಾಂಭವಿ, ತಂಗಿ, ಫೋಟೋ ತೆಗೆ. ಅವುಗಳನ್ನು ಕಂಡ ಮೇಲೆ ಕ್ಯಾಮೆರಾ ಎತ್ತಬೇಡವೆಂದು ಹೇಳುವಷ್ಟು ಕಲ್ಲು ನಾನಲ್ಲ. ಆದರೆ ಕೈಯನ್ನು ಎಡಕ್ಕೆ ಸರಿಸಬೇಡ. ದೊಡ್ಡಹುಣಸೆಯನ್ನು ಚೌಕಟ್ಟಿನ ಹೊರಗೇ ಬಿಡು. ಅದನ್ನು ಕಣ್ತುಂಬ ನೋಡಿಕೋ, ಊರು ನೆನಪಾದರೆ ಬುಟ್ಟಿಯಲ್ಲೇ ಕೂತು ಅತ್ತುಬಿಡು, ಆಮೇಲೆ ಹಕ್ಕಿಗಳನ್ನಷ್ಟೇ ತೆಗೆದುಕೊಂಡು ಹೋಗು.

ನೀನು ಹಾಗೆ ಮಾಡಿದರೆ ಮೊಥುಸಿ ಕ್ಯಾಲೆಂಡರಿನಲ್ಲಿ ತನ್ನ ಅಜ್ಜಿಯ ಮರವನ್ನು ಕಾಣುವುದಿಲ್ಲ, ಬೈಯಲು ಬರುವುದಿಲ್ಲ. ಈ ಅಂಗಳ ಇರುವುದಿಲ್ಲ. ನಾನು ಹೋದರೆ ಹೋಗಲಿ, ಸಾಕಷ್ಟು ರೊಟ್ಟಿ ತಿಂದಿದ್ದೇನೆ. ಆದರೆ ಇದನ್ನು ಬರೆಯುವಾಗ ಬೋನೊಲೊ ಹೊರಗೆ ಕೂತು ಬಿಸಿಲಬುಟ್ಟಿಯ ಬಟ್ಟೆಗೆ ತೇಪೆ ಹಾಕುತ್ತ, ಶ್ರುತಿ ತಪ್ಪಿಸಿ ಹಾಡುತ್ತಿದ್ದಾಳೆ. ಅವಳ ದನಿ ಕೇಳುತ್ತಲೇ ಅವಳನ್ನು ಇಲ್ಲವಾಗಿಸುವ ಸಾಲು ಬರೆದೆ. ಮೊಥುಸಿ ಜಗಳಗಂಟ, ಇನ್ನೊಂದು ನೆಪ ಹುಡುಕಿಕೊಂಡಾದರೂ ನಿನ್ನ ಬಾಗಿಲಿಗೆ ಬಂದಾನು ಎಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ.

ಬೋನೊಲೊ, ಇದನ್ನು ಮೊದಲು ಮನಸ್ಸಿನಲ್ಲೇ ಓದುತ್ತಿರುವವಳು ನೀನು ತಾನೆ. ಇಲ್ಲಿಗೆ ಬರುವಷ್ಟರಲ್ಲಿ ನಿನಗೆ ಎಲ್ಲ ತಿಳಿದಿರುತ್ತದೆ. ನಿನ್ನ ಚಿತ್ರ ನಿನ್ನ ಬಳಿಯೇ ಇದೆ, ನಾನು ಮುಟ್ಟಿಲ್ಲ. ನೀರು ಕುಡಿ. ಅಂಗಳಕ್ಕೆ ಬಂದು 'ಓಲೆ ತಲುಪಲಿಲ್ಲ' ಎಂದರೂ ಸರಿ. ನಾನು ತಲೆಯೆತ್ತಿ ನೋಡುವುದಿಲ್ಲ, ನಿನ್ನ ಪಾಲಿನ ರೊಟ್ಟಿ ಒಲೆಯ ಪಕ್ಕದಲ್ಲಿ ಮುಚ್ಚಿಟ್ಟಿರುತ್ತೇನೆ. ಓದುವುದಾದರೆ, ಹಕ್ಕಿಗಳು ಎಲ್ಲಿ ಎಂದು ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಆಗ ಲಗ್ನಪತ್ರಿಕೆ ಓದುವವರ ಹಾಗೆ ಕೊನೆಯ ಎರಡು ಸಾಲನ್ನು ಗಟ್ಟಿಯಾಗಿ ಓದಿ, ಹಾಳೆ ಮಡಿಸಿಬಿಡು.

ಕೆಂಗಾಲುಗಳ ಸುಖಾಗಮನ ಬಯಸುವವಳು: ದ್ರಾಕ್ಷಾಯಣಿ ಮೊಥುಸಿ
ಸ್ಥಳ: